ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಸ್ಕೂಟರಿನ ಹ್ಯಾಂಡಲ್ ಬಿಗಿಯಾದಾಗ

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಸಮುದ್ರಕ್ಕೆ ತೀರ ಹತ್ತಿರದಲ್ಲಿದೆ. ತಂದೆಯವರು ಓಡಿಸುತ್ತಿದ್ದ, ಎಡಗೈಯಲ್ಲಿ ಗೇರ್ ಬದಲಿಸುವ ಹಳೆಯ ಬಜಾಜ್ ಚೇತಕ್ ಈಗ ನನ್ನ ಬಳಿ ಇದೆ. ಕಳೆದ ಮಳೆಗಾಲ ಮುಗಿದಾಗಿನಿಂದ ಅದರ ಹ್ಯಾಂಡಲ್ ಬಿಗಿಯಾಗಿದೆ. ಹೆದ್ದಾರಿಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಮೀನುಪೇಟೆಯ ಜನಸಂದಣಿಯಲ್ಲಿ ನಿಧಾನವಾಗಿ ಹೋಗುವಾಗ ಮಾತ್ರ ಗಾಡಿ ಅತ್ತಿತ್ತ ಓಲಾಡುತ್ತದೆ. ಮೆಕ್ಯಾನಿಕ್ ಒಬ್ಬರು ಹ್ಯಾಂಡಲಿನ ಕೆಳಗಿನ ನಟ್ ಸಡಿಲಿಸಿಕೊಟ್ಟರು. ಹಗುರವಾಯಿತು, ಆದರೆ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ‘ಟಕ್’ ಎಂಬ ಸದ್ದು ಬರತೊಡಗಿತು. ಮತ್ತೆ ಬಿಗಿ ಮಾಡಿಸಿದರೆ ಮೊದಲಿನ ಸ್ಥಿತಿಯೇ. ಇನ್ನೊಬ್ಬರು, ಎಣ್ಣೆ ಬಿಟ್ಟರೆ ಸಾಕು ಎನ್ನುತ್ತಾರೆ. ಏನು ಮಾಡಬೇಕು? ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದೇ?
— ಓದುಗರೊಬ್ಬರು, ಕಾರವಾರ

ಉತ್ತರ: ನಟ್ ಸಡಿಲಿಸಿದರೆ ಸದ್ದು, ಬಿಗಿ ಮಾಡಿದರೆ ಜಡ ಎನ್ನುವ ಹಂತಕ್ಕೆ ಬಂದಿರುವ ಹ್ಯಾಂಡಲಿನಲ್ಲಿ ತೊಂದರೆ ಇರುವುದು ನಟ್ಟಿನಲ್ಲಿ ಅಲ್ಲ, ಅದರ ಕೆಳಗಿನ ಬೇರಿಂಗಿನಲ್ಲಿ. ಮೆಕ್ಯಾನಿಕರು ‘ಕೋನ್ ಸೆಟ್’ ಎಂದು ಕರೆಯುವ ಕಪ್ಪು (ಗುಂಡುಗಳು ಕೂರುವ ಬಟ್ಟಲಿನಂತಹ ಉಕ್ಕಿನ ಬಳೆ), ಕೋನು (ಗುಂಡುಗಳನ್ನು ಇನ್ನೊಂದು ಬದಿಯಿಂದ ಒತ್ತಿಹಿಡಿಯುವ ಬಳೆ), ಗುಂಡುಗಳು ಸವೆದು ಗುಳಿ ಬಿದ್ದಿರುವ ಸಾಧ್ಯತೆಯೇ ಹೆಚ್ಚು. ಆದರೂ ಕೋನ್ ಸೆಟ್ ಕೊಳ್ಳುವ ಮೊದಲು ಕೆಲವು ಪರೀಕ್ಷೆಗಳನ್ನು ಮಾಡಿಕೊಳ್ಳಿ. ಇವಕ್ಕೆ ಪಾನಾ ಕೂಡ ಬೇಕಿಲ್ಲ. ಹ್ಯಾಂಡಲ್ ಬಿಗಿ ಎಂದು ತಂದ ಗಾಡಿಗೆ ಏನನ್ನೂ ನೋಡದೆ ನೇರವಾಗಿ ಉಳಿ, ಸುತ್ತಿಗೆ ಎತ್ತಿಕೊಳ್ಳುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಸಾಕಷ್ಟಿದೆ. ಎಲ್ಲಿ, ಯಾವ ಕೋನದಲ್ಲಿ, ಹೇಗೆ ಬಿಗಿಯಾಗುತ್ತದೆ ಎಂಬುದನ್ನು ಕೈಯಿಂದಲೇ ತಿಳಿದುಕೊಂಡರೆ ರೋಗ ಯಾವುದೆಂಬುದು ಬಹುಮಟ್ಟಿಗೆ ತಿಳಿದಂತೆಯೇ.

ಮೊದಲು ಮುಂದಿನ ಟಯರಿನ ಗಾಳಿ ನೋಡಿ. ಈ ಬಗೆಯ ಸ್ಕೂಟರುಗಳ ಹತ್ತು ಇಂಚಿನ ಚಿಕ್ಕ ಚಕ್ರಕ್ಕೆ ಮುಂದೆ ಸಾಮಾನ್ಯವಾಗಿ 18 ಪೌಂಡಿನಷ್ಟು ಗಾಳಿ ಇರಬೇಕು. ಅದು ಹತ್ತಕ್ಕಿಳಿದಿದ್ದರೆ ಟಯರ್ ನೆಲಕ್ಕೆ ಅಗಲವಾಗಿ ಒತ್ತಿಕೊಂಡು, ಬೇರಿಂಗ್ ಹೊಸದಾಗಿದ್ದರೂ ಹ್ಯಾಂಡಲ್ ಭಾರವಾಗುತ್ತದೆ.

ಗಾಳಿ ಸರಿಯಿದ್ದರೆ ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಕಾಲಿಡುವ ಹಲಗೆಯ ಮುಂಭಾಗದ ಅಡಿಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ನೆಲದಿಂದ ಒಂದು ಬೆರಳಿನಷ್ಟು ಮೇಲೇಳುವಂತೆ ಮಾಡಿಕೊಳ್ಳಿ. ಹಿಂದಿನ ಸೀಟಿನ ಮೇಲೆ ಯಾರಾದರೂ ಕುಳಿತು ಗಾಡಿ ಅಲುಗದಂತೆ ಹಿಡಿದರೆ ಒಳ್ಳೆಯದು. ಈಗ ಹ್ಯಾಂಡಲಿನ ತುದಿಯನ್ನು ಎರಡು ಬೆರಳಿನಿಂದ ಹಿಡಿದು ಎಡಗಡೆಯ ಕೊನೆಯಿಂದ ಬಲಗಡೆಯ ಕೊನೆಯವರೆಗೆ ತೀರ ನಿಧಾನವಾಗಿ ತಿರುಗಿಸಿ. ಕೈಗೆ ಬರುವ ಅನುಭವ ಎಲ್ಲ ದೋಷಗಳಲ್ಲೂ ಒಂದೇ ಬಗೆಯದಾಗಿರುವುದಿಲ್ಲ. ಈ ಕೊನೆಯಿಂದ ಆ ಕೊನೆಯವರೆಗೂ ಒಂದೇ ಸಮನೆ ಬಿಗಿಯಾಗಿದ್ದರೆ ನಟ್ ಅತಿಯಾಗಿ ಬಿಗಿಯಾಗಿದೆ, ಇಲ್ಲವೇ ಗ್ರೀಸ್ ಒಣಗಿ ಗಟ್ಟಿಯಾಗಿದೆ. ಒಂದು ಬದಿಯ ಕೊನೆಗೆ ಹೋದಾಗ ಮಾತ್ರ ಹಿಡಿದೆಳೆದಂತಾದರೆ ಅದು ಕೇಬಲ್ಲಿನ ಎಳೆತ. ಯಾವುದೋ ಒಂದೆಡೆ ಕೆರೆಯುವ ಸದ್ದಿನೊಡನೆ ಬಿಗಿಯಾದರೆ ಹ್ಯಾಂಡಲಿನ ಕೆಳಅಂಚು ಫ್ರೇಮಿನ ಕತ್ತಿಗೆ, ಅಂದರೆ ಹ್ಯಾಂಡಲಿನ ಕೆಳಗೇ ಇರುವ ಕುತ್ತಿಗೆಯಂತಹ ಭಾಗಕ್ಕೆ, ಉಜ್ಜುತ್ತಿರಬಹುದು. ಅಲ್ಲಿ ಬಣ್ಣ ಕಮಾನಿನ ಆಕಾರದಲ್ಲಿ ಕಿತ್ತುಹೋಗಿರುವುದು ಕಣ್ಣಿಗೇ ಕಾಣುತ್ತದೆ. ಚಕ್ರ ನೇರವಾಗಿರುವ ಜಾಗಕ್ಕೆ ಬಂದ ಕೂಡಲೇ ಹ್ಯಾಂಡಲ್ ಕುಳಿಯೊಳಗೆ ಇಳಿದಂತೆ ನಿಂತು, ಅಲ್ಲಿಂದ ಕದಲಿಸಲು ಮಾತ್ರ ಹೆಚ್ಚಿನ ಬಲ ಬೇಕಾದರೆ, ಬೇರಿಂಗಿಗೆ ಗುಳಿ ಬಿದ್ದಿದೆ ಎಂದು ನಿಶ್ಚಯಿಸಬಹುದು. ನಿಮ್ಮ ಪತ್ರದ ಲಕ್ಷಣಗಳು ಈ ಕೊನೆಯ ಬಗೆಗೆ ಹೊಂದುತ್ತವೆ.

ನಿಧಾನವಾಗಿ ಹೋಗುವಾಗ ಗಾಡಿ ಓಲಾಡುವುದಕ್ಕೂ ಇದೇ ಕಾರಣ. ಎರಡು ಚಕ್ರದ ಗಾಡಿ ನೇರವಾಗಿ ಹೋಗುತ್ತಿದೆ ಎಂದು ನಮಗೆ ತೋರುವಾಗಲೂ ಅದರ ಮುಂದಿನ ಚಕ್ರ ಕ್ಷಣಕ್ಷಣಕ್ಕೂ ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಗುತ್ತ ಸಮತೋಲವನ್ನು ಕಾಯುತ್ತಿರುತ್ತದೆ. ಸವಾರನಿಗೆ ಅದರ ಅರಿವೂ ಇರುವುದಿಲ್ಲ. ಬೇರಿಂಗಿನ ಗುಂಡುಗಳು ಗುಳಿಯಲ್ಲಿ ಕುಳಿತಿದ್ದರೆ ಈ ಸಣ್ಣ ತಿದ್ದುಪಡಿಗಳು ಆಗುವುದಿಲ್ಲ. ಗಾಡಿ ಒಂದು ಕಡೆಗೆ ವಾಲಿದ ಮೇಲೆ ಸವಾರ ಬಲ ಹಾಕಿ ತಿರುಗಿಸುತ್ತಾನೆ, ಆಗ ಗುಂಡುಗಳು ಗುಳಿಯಿಂದ ಜಿಗಿದು ಹ್ಯಾಂಡಲ್ ಬೇಕಾದುದಕ್ಕಿಂತ ಹೆಚ್ಚು ತಿರುಗುತ್ತದೆ, ಮರುಕ್ಷಣ ಇನ್ನೊಂದು ಕಡೆಗೆ ತಿದ್ದಬೇಕಾಗುತ್ತದೆ. ವೇಗ ಹೆಚ್ಚಿದ್ದಾಗ ಇಷ್ಟು ದೊಡ್ಡ ತಿದ್ದುಪಡಿಗಳ ಅಗತ್ಯ ಬೀಳದಿರುವುದರಿಂದ ಹೆದ್ದಾರಿಯಲ್ಲಿ ನಿಮಗೆ ಅದು ಗೊತ್ತಾಗುತ್ತಿಲ್ಲ. ಹಾಗೆಂದು ನಿರ್ಲಕ್ಷಿಸಬೇಡಿ. ಇದೇ ಗಾಡಿಯಲ್ಲಿ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿಯುವಾಗ, ತಿರುವಿನ ನಡುವೆ ಎದುರಿನಿಂದ ಲಾರಿ ಬಂದರೆ, ಕೈ ಹೇಳಿದ ಕೂಡಲೇ ಚಕ್ರ ಕೇಳಬೇಕಾಗುತ್ತದೆ. ದುರಸ್ತಿಯಾಗುವವರೆಗೆ ಘಟ್ಟದ ರಸ್ತೆಗೆ ಆ ಗಾಡಿಯನ್ನು ಒಯ್ಯಬೇಡಿ.

ಗುಳಿ ಸರಿಯಾಗಿ ನಡುವಿನಲ್ಲಿಯೇ ಏಕೆ ಬೀಳುತ್ತದೆ ಎಂದು ನೀವು ಕೇಳಬಹುದು. ರಸ್ತೆಯ ಹೊಂಡಗಳ ಹೊಡೆತವೇ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಚಕ್ರದ ಬೇರಿಂಗು ಸುತ್ತುತ್ತಲೇ ಇರುವುದರಿಂದ ಗುಂಡುಗಳು ಗ್ರೀಸನ್ನು ತಾವೇ ಎಲ್ಲೆಡೆ ಹರಡಿಕೊಳ್ಳುತ್ತವೆ. ಹ್ಯಾಂಡಲಿನ ಬೇರಿಂಗು ಹಾಗಲ್ಲ. ಗಾಡಿ ಎಷ್ಟು ದೂರ ಓಡಿದರೂ ಅದು ಬಹುಪಾಲು ಸಮಯ ಒಂದೇ ಜಾಗದಲ್ಲಿ ನಿಂತಿರುತ್ತದೆ. ಗುಂಡು ಮತ್ತು ಕಪ್ಪು ಒಂದನ್ನೊಂದು ಮುಟ್ಟುವ ಆ ಚುಕ್ಕೆಯಲ್ಲಿ ಗ್ರೀಸ್ ಒತ್ತಿ ಹೊರಗೆ ಸರಿದುಹೋಗುತ್ತದೆ, ಎಂಜಿನ್ನಿನ ಮತ್ತು ರಸ್ತೆಯ ಕಂಪನದಿಂದ ಉಕ್ಕು ಉಕ್ಕಿಗೆ ಉಜ್ಜುತ್ತದೆ, ಉಜ್ಜಿ ಉದುರಿದ ಪುಡಿ ತುಕ್ಕಾಗಿ ಮತ್ತಷ್ಟು ಕೊರೆಯುತ್ತದೆ. ಹೀಗೆ ಪ್ರತಿಯೊಂದು ಗುಂಡೂ ತನ್ನ ಕೆಳಗೆ ತನ್ನದೇ ಗುಳಿಯನ್ನು ತೋಡಿಕೊಳ್ಳುತ್ತದೆ. ನುಣುಪಾದ ರಸ್ತೆಯಲ್ಲಿಯೇ ಓಡಿದ ಗಾಡಿಯಲ್ಲಿಯೂ ಇದು ಕಾಣಿಸಿಕೊಳ್ಳುವುದು ಈ ಕಾರಣದಿಂದ.

ಕರಾವಳಿಯಲ್ಲಿ ಇದಕ್ಕೆ ನೀರೂ ಉಪ್ಪೂ ಕೂಡಿಕೊಳ್ಳುತ್ತವೆ. ಮೇಲೊಂದು, ಕೆಳಗೊಂದು ಎಂದು ಎರಡು ಬೇರಿಂಗುಗಳಿರುವ ಈ ವ್ಯವಸ್ಥೆಯಲ್ಲಿ ಮೊದಲು ಹಾಳಾಗುವುದು ಸಾಮಾನ್ಯವಾಗಿ ಕೆಳಗಿನದು. ಗಾಡಿಯ ಮುಂಭಾಗದ ಭಾರವನ್ನೆಲ್ಲ ಹೊರುವುದು ಅದು; ಮಡ್‌ಗಾರ್ಡಿನ ನೆತ್ತಿಯ ಮೇಲೆಯೇ ಇರುವುದರಿಂದ ರಸ್ತೆಯ ನೀರು ಸಿಡಿದು ತಾಗುವುದೂ ಅದಕ್ಕೇ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ನಾಲ್ಕು ತಿಂಗಳು ಅದು ತೋಯುತ್ತಲೇ ಇರುತ್ತದೆ. ಮಳೆ ನಿಂತ ಮೇಲಾದರೂ ಒಣಗಬೇಕಲ್ಲ ಎಂದರೆ, ಗಾಳಿಯಲ್ಲಿ ಬಂದು ಕುಳಿತ ಉಪ್ಪು ಒಣಗಲು ಬಿಡುವುದಿಲ್ಲ. ಗಾಳಿಯ ತೇವಾಂಶ ಶೇ. 75ನ್ನು ದಾಟಿದರೆ ಉಪ್ಪು ತಾನೇ ನೀರನ್ನೆಳೆದುಕೊಂಡು ಕರಗತೊಡಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರಾಡುವಂತೆ ಬೇರಿಂಗಿನ ಸಂದಿಯಲ್ಲಿಯೂ ನೀರಾಡುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಮ್ ಕ್ಲೋರೈಡ್ ಅದಕ್ಕಿಂತ ಬಹಳ ಕಡಿಮೆ ತೇವದಲ್ಲಿಯೂ ನೀರು ಹೀರುವುದರಿಂದ ಬೇಸಿಗೆಯಲ್ಲಿ ಕೂಡ ತುಕ್ಕಿಗೆ ಬಿಡುವಿಲ್ಲ. ಇದರ ಮೇಲೆ ವಾಟರ್ ಸರ್ವಿಸ್ ಹೆಸರಿನಲ್ಲಿ ಪಂಪಿನ ನೀರನ್ನು ಹ್ಯಾಂಡಲಿನ ಕತ್ತಿಗೂ ಮಡ್‌ಗಾರ್ಡಿನ ಸಂದಿಗೂ ನೇರವಾಗಿ ಹೊಡೆಸಿದರೆ ಇದ್ದ ಗ್ರೀಸೂ ತೊಳೆದುಹೋಗುತ್ತದೆ.

ಎಣ್ಣೆಯ ವಿಷಯಕ್ಕೆ ಬಂದರೆ, ಬಿಡಲೇಬೇಡಿ ಎಂಬುದು ನನ್ನ ಸಲಹೆ. ಮೇಲಿನಿಂದ ಬಿಟ್ಟ ಎಣ್ಣೆ ಮೇಲಿನ ಬೇರಿಂಗಿನ ಗ್ರೀಸನ್ನು ತೆಳುಮಾಡಿ ಇಳಿಸಿಬಿಡುತ್ತದೆ. ನಿಜವಾಗಿ ಹಾಳಾಗಿರುವ ಕೆಳಗಿನ ಬೇರಿಂಗಿಗೆ ಅದು ತಲುಪುವುದೇ ಅನುಮಾನ. ತುಕ್ಕು ಬಿಡಿಸುವ ಸ್ಪ್ರೇಗಳದ್ದೂ ಇದೇ ಕಥೆ. ಎಂಟು ದಿನ ಹಗುರವಾಗಿ, ಆಮೇಲೆ ಮೊದಲಿಗಿಂತ ಬಿಗಿಯಾಗುತ್ತದೆ. ಗುಳಿ ಬಿದ್ದ ಉಕ್ಕನ್ನು ಗ್ರೀಸೂ ಸರಿಮಾಡಲಾರದು, ನಟ್ ಸಡಿಲಿಸುವುದರಿಂದಂತೂ ಅಪಾಯವೇ ಹೆಚ್ಚು. ಸಡಿಲಾದ ಗುಂಡುಗಳು ಬ್ರೇಕ್ ಹಿಡಿದಾಗಲೆಲ್ಲ ಕಪ್ಪನ್ನು ಸುತ್ತಿಗೆಯಂತೆ ಬಡಿಯುತ್ತವೆ. ನಿಮಗೆ ಕೇಳಿಸಿದ ‘ಟಕ್’ ಅದೇ. ಆದರೆ ಒಂದು ಎಚ್ಚರಿಕೆ: ಮುಂದಿನ ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ತೋಳಿನ ಕೀಲು ಸವೆದಿದ್ದರೂ ಹೀಗೆಯೇ ಸದ್ದು ಬರುತ್ತದೆ. ಚಕ್ರ ಮೇಲಿರುವಾಗಲೇ ಅದನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತ, ಫ್ರೇಮಿನ ಕತ್ತು ಮತ್ತು ಫೋರ್ಕು (ಹ್ಯಾಂಡಲನ್ನು ಮುಂದಿನ ಚಕ್ರಕ್ಕೆ ಜೋಡಿಸುವ ಕೊಳವೆ) ಕೂಡುವ ಸಂದಿಗೆ ಬೆರಳಿಟ್ಟು ನೋಡಿದರೆ, ಅಲುಗಾಟ ಅಲ್ಲಿದೆಯೋ ಕೆಳಗಿನ ಕೀಲಿನಲ್ಲಿದೆಯೋ ಎಂಬುದು ಸ್ಪಷ್ಟವಾಗುತ್ತದೆ.

ಇನ್ನು ದುರಸ್ತಿ. ಕೋನ್ ಸೆಟ್ಟನ್ನು ಪೂರ್ತಿಯಾಗಿ, ಅಂದರೆ ಮೇಲಿನ ಮತ್ತು ಕೆಳಗಿನ ಕಪ್ಪು, ಕೋನು, ಗುಂಡುಗಳೆಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಹಣ ಉಳಿಸಲೆಂದು ಹಳೆಯ ಕಪ್ಪಿಗೆ ಹೊಸ ಗುಂಡು ಹಾಕಿದರೆ ಆ ಗುಂಡುಗಳು ಹಳೆಯ ಗುಳಿಯಲ್ಲಿಯೇ ಕೂರುತ್ತವೆ.

ಬಿಚ್ಚುವ ಕ್ರಮ ಕಷ್ಟದ್ದಲ್ಲ, ಆದರೆ ತಾಳ್ಮೆ ಬೇಡುತ್ತದೆ. ಮುಂದಿನ ಬ್ರೇಕಿನ ಕೇಬಲ್ಲನ್ನೂ ಸ್ಪೀಡೋಮೀಟರಿನ ಕೇಬಲ್ಲನ್ನೂ ಚಕ್ರದ ಬಳಿ ಬಿಡಿಸಿಕೊಂಡು, ಹ್ಯಾಂಡಲನ್ನು ಫೋರ್ಕಿನ ಕೊಳವೆಗೆ ಕಚ್ಚಿಸಿರುವ ಬೋಲ್ಟನ್ನು ಪೂರ್ತಿ ಹೊರತೆಗೆದು, ಗೇರು ಮತ್ತು ಕ್ಲಚ್ಚಿನ ಕೇಬಲ್ಲುಗಳನ್ನು ಕಡಿಯದೆ ಹ್ಯಾಂಡಲನ್ನು ಮೇಲೆತ್ತಿ ಪಕ್ಕಕ್ಕೆ ಒರಗಿಸಿಡಬೇಕು; ಕೇಬಲ್ ಸಾಲದಿದ್ದರೆ ಎಂಜಿನ್ನಿನ ಕಡೆಯಲ್ಲಿ ಸ್ವಲ್ಪ ಸಡಿಲಿಸಿಕೊಳ್ಳಬೇಕು. ಅದರಡಿಯಲ್ಲಿ ಕಚ್ಚುಗಳಿರುವ ಲಾಕ್ ನಟ್, ವಾಷರ್, ಮತ್ತೆ ಕಚ್ಚುಗಳಿರುವ ಮೇಲಿನ ಕೋನು ಕಾಣಿಸುತ್ತವೆ. ಇವನ್ನು ತಿರುಗಿಸಲು ಕೊಕ್ಕೆಯಂತಹ ತುದಿಯುಳ್ಳ ಪಾನಾ ಬರುತ್ತದೆ. ಅದಿಲ್ಲವೆಂದು ಉಳಿ ಇಟ್ಟು ಹೊಡೆದರೆ ಕಚ್ಚು ಮುರಿಯುತ್ತದೆ, ಕೊನೆಗೆ ಎಷ್ಟು ಬಿಗಿ ಮಾಡಬೇಕೆಂಬ ಅಂದಾಜೂ ಕೈಗೆ ಸಿಗುವುದಿಲ್ಲ. ಕೋನು ಬಿಚ್ಚಿದ ಕೂಡಲೇ ಫೋರ್ಕು ಕೆಳಗೆ ಜಾರುವುದರಿಂದ ಇನ್ನೊಬ್ಬರು ಚಕ್ರವನ್ನು ಹಿಡಿದಿರಬೇಕು, ನೆಲಕ್ಕೆ ಹಳೆಯ ಪಂಚೆಯೊಂದನ್ನು ಹಾಸಿರಬೇಕು. ಕೆಲವು ಗಾಡಿಗಳಲ್ಲಿ ಗುಂಡುಗಳು ಬಳೆಯೊಳಗೆ ಸೇರಿಕೊಂಡಿರುತ್ತವೆ, ಕೆಲವುಗಳಲ್ಲಿ ಬಿಡಿಯಾಗಿ ಉದುರುತ್ತವೆ.

ಇಲ್ಲಿಯವರೆಗೆ ಮನೆಯಲ್ಲಿ ಮಾಡಬಹುದು. ಫ್ರೇಮಿನೊಳಗೆ ಕುಳಿತ ಕಪ್ಪುಗಳನ್ನೂ ಫೋರ್ಕಿನ ಬುಡದಲ್ಲಿ ಬಿಗಿಯಾಗಿ ಕುಳಿತ ಕೆಳಗಿನ ಕೋನನ್ನೂ ಬಿಡಿಸಿ ಹೊಸದನ್ನು ಕೂರಿಸುವ ಕೆಲಸವನ್ನು ಮಾತ್ರ ಒಳ್ಳೆಯ ವರ್ಕ್‌ಶಾಪಿಗೆ ಬಿಡಿ. ಕೆಳಗಿನ ಕೋನಿಗೆ ಮಡ್‌ಗಾರ್ಡು ಅಡ್ಡ ಬರುತ್ತದೆ. ಕಪ್ಪನ್ನು ಸುತ್ತಲೂ ಸಮವಾಗಿ ಒತ್ತಿ ಕೂರಿಸದೆ ಒಂದು ಬದಿಗೆ ಹೊಡೆದರೆ ಅದು ಓರೆಯಾಗಿ ಕುಳಿತು, ಹೊಸ ಸೆಟ್ಟು ಹಾಕಿದ ಮೇಲೂ ಹ್ಯಾಂಡಲ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎಂದಾಗುತ್ತದೆ. ಗಾಡಿ ಹಿಂದೆಂದಾದರೂ ಗುದ್ದಿಸಿಕೊಂಡಿದ್ದರೆ ಫೋರ್ಕಿನ ಕೊಳವೆ ಬಾಗಿದೆಯೇ ಎಂಬುದನ್ನೂ ಅಲ್ಲಿಯೇ ನೋಡಿಸಿ. ಬಾಗಿದ ಕೊಳವೆಗೆ ಎಷ್ಟು ಕೋನ್ ಸೆಟ್ ಹಾಕಿದರೂ ಪ್ರಯೋಜನವಿಲ್ಲ.

ಜೋಡಿಸುವ ಮೊದಲು ಹಳೆಯ ಗ್ರೀಸನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಂದು ಜಾತಿಯ ಗ್ರೀಸಿನ ಮೇಲೆ ಇನ್ನೊಂದು ಜಾತಿಯದನ್ನು ಹಾಕಿದರೆ ಎರಡೂ ಕೂಡಿ ನೀರಾಗುವುದುಂಟು. ಲಿಥಿಯಮ್ ಗ್ರೀಸ್ ಸಾಕಾಗುತ್ತದೆ. ಆದರೆ ಬಂದರಿನ ಊರಿನಲ್ಲಿರುವ ನೀವು ಯಾಂತ್ರಿಕ ದೋಣಿಗಳಿಗೆಂದು ಮಾರುವ, ನೀರಿಗೆ ಜಗ್ಗದ ಗ್ರೀಸನ್ನೇ ಕೇಳಿ ತನ್ನಿ. ಕಪ್ಪು ತುಂಬುವಷ್ಟು ಹಾಕಿ, ಕೆಳಗಿನ ಬೇರಿಂಗಿನ ಹೊರಸಂದಿಗೂ ದಪ್ಪವಾಗಿ ಬಳಿಯಿರಿ. ಸಿಡಿದು ಬರುವ ನೀರಿಗೆ ಅದೇ ತಡೆ. ಬಿಡಿ ಗುಂಡುಗಳಾಗಿದ್ದರೆ ಒಂದು ಗುಂಡಿನಷ್ಟು ಜಾಗ ಖಾಲಿ ಉಳಿಯಬೇಕು, ಒತ್ತಿ ತುಂಬಿಸಿದರೆ ಅವು ಉರುಳಲಾರವು.

ಕೊನೆಯ ಹದ ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಮೇಲಿನ ಕೋನನ್ನು ಅಲುಗಾಟ ಪೂರ್ತಿ ಹೋಗುವವರೆಗೆ ಬಿಗಿ ಮಾಡಿ, ಫೋರ್ಕನ್ನು ಎರಡೂ ಕೊನೆಗಳಿಗೆ ಹಲವು ಸಲ ತಿರುಗಿಸಿ ಗುಂಡುಗಳು ತಮ್ಮ ಜಾಗದಲ್ಲಿ ಕೂರುವಂತೆ ಮಾಡಿ, ಬಳಿಕ ಕಾಲು ಸುತ್ತು ಇಲ್ಲವೇ ಅದಕ್ಕಿಂತ ತುಸು ಕಡಿಮೆ ಹಿಂದಕ್ಕೆ ಸಡಿಲಿಸಬೇಕು. ಆಮೇಲೆ ವಾಷರ್ ಇಟ್ಟು ಲಾಕ್ ನಟ್ ಬಿಗಿಯುವಾಗ ಕೋನು ಮತ್ತೆ ಕೂದಲಷ್ಟು ಬಿಗಿಯಾಗುತ್ತದೆ. ಆದ್ದರಿಂದ ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸದೆ ಹ್ಯಾಂಡಲ್ ಕೂರಿಸಬೇಡಿ. ಚಕ್ರ ಮೇಲಿರುವಾಗ ಬೆರಳಿನಿಂದ ಸ್ವಲ್ಪ ದೂಡಿದರೆ ಫೋರ್ಕು ತನ್ನ ಭಾರಕ್ಕೇ ಪಕ್ಕಕ್ಕೆ ಬೀಳಬೇಕು, ಹಿಂದೆ ಮುಂದೆ ಅಲುಗಿಸಿದರೆ ಒಂದಿಷ್ಟೂ ಆಟ ಇರಬಾರದು. ಹೊಸ ಬೇರಿಂಗು ಕುಳಿತ ಮೇಲೆ ಕೆಲವು ದಿನಗಳಲ್ಲಿ ಸ್ವಲ್ಪ ಸಡಿಲಾಗುವುದು ಸಹಜ. ಹದಿನೈದು ದಿನ ಓಡಿಸಿ ಮತ್ತೊಮ್ಮೆ ನೋಡಿಸಿಕೊಳ್ಳಿ.

ಪ್ರಶ್ನೆ: ನನ್ನ ಹಳೆಯ ಗೇರ್ ಸ್ಕೂಟರಿಗೆ ಇತ್ತೀಚೆಗೆ ಗೇರಿನ ಕೇಬಲ್ಲುಗಳನ್ನು ಹೊಸದಾಗಿ ಹಾಕಿಸಿದೆ. ಅಂದಿನಿಂದ ಬಲಕ್ಕೆ ಸಲೀಸಾಗಿ ತಿರುಗುವ ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸುವಾಗ ಬಿಗಿಯಾಗುತ್ತದೆ. ಕೈ ಬಿಟ್ಟರೆ ತಾನೇ ಹಿಂದಕ್ಕೆ ಬರುತ್ತದೆ. ಬೇರಿಂಗ್ ಹೋಗಿದೆ ಎನ್ನುತ್ತಾರೆ. ನಿಜವೇ?
— ಓದುಗರೊಬ್ಬರು, ಶಿರಸಿ

ಉತ್ತರ: ಬೇರಿಂಗ್ ಹಾಳಾದ ಹ್ಯಾಂಡಲ್ ಹೀಗೆ ತಾನೇ ಹಿಂದಕ್ಕೆ ಬರುವುದಿಲ್ಲ, ಹಿಂದಕ್ಕೆ ದೂಡುತ್ತಿರುವುದು ಹೊಸ ಕೇಬಲ್ಲಿನ ಹೊರಕವಚ. ಈ ಸ್ಕೂಟರುಗಳಲ್ಲಿ ಗೇರಿನ ಎರಡು ಕೇಬಲ್ಲುಗಳು, ಕ್ಲಚ್ಚಿನದೊಂದು, ಮುಂದಿನ ಬ್ರೇಕಿನದೊಂದು, ಸ್ಪೀಡೋಮೀಟರಿನದೊಂದು ಮತ್ತು ದೀಪದ ತಂತಿಗಳೆಲ್ಲ ಕತ್ತಿನ ಕಿರಿದಾದ ಜಾಗದಲ್ಲಿಯೇ ಹಾದುಹೋಗಬೇಕು. ಹೊರಕವಚ ಉದ್ದವಾಗಿದ್ದರೆ ಅದು ಮಡಚಿಕೊಂಡು ಒತ್ತುತ್ತದೆ, ಗಿಡ್ಡವಾಗಿದ್ದರೆ ಎಳೆಯುತ್ತದೆ, ಒಂದರ ಮೇಲೊಂದು ಹಾಯ್ದಿದ್ದರೆ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಚಾಲೂ ಇಟ್ಟು, ಗಾಡಿ ಸ್ಟ್ಯಾಂಡಿನ ಮೇಲಿರುವಾಗ, ನ್ಯೂಟ್ರಲ್ಲಿನಲ್ಲಿ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ನೋಡಿ: ಎಂಜಿನ್ನಿನ ಸದ್ದು ತಾನೇ ಏರಿದರೆ ಎಕ್ಸಿಲರೇಟರಿನ ಎಳೆಯೂ ಅಲ್ಲಿ ಸಿಲುಕಿದೆ ಎಂದರ್ಥ. ಹಾಗಿದ್ದರೆ ಇದು ಬರೀ ತೊಡಕಲ್ಲ, ತಿರುವಿನಲ್ಲಿ ಗಾಡಿ ಮುನ್ನುಗ್ಗುವ ಅಪಾಯ. ಕೇಬಲ್ ಹಾಕಿದವರ ಬಳಿಗೇ ಒಯ್ದು ಹೆಡ್‌ಲೈಟ್ ಬಿಚ್ಚಿಸಿ, ಕೇಬಲ್ಲುಗಳನ್ನು ಮೊದಲಿದ್ದ ದಾರಿಯಲ್ಲಿ ಹಾಯಿಸಿ ಕೊಡಲು ಹೇಳಿ. ಬೇರಿಂಗನ್ನು ಮುಟ್ಟಲು ಬಿಡಬೇಡಿ.

ಪ್ರಶ್ನೆ: ನಾನು ಪರ ಊರಿನಲ್ಲಿ ಕೆಲಸದಲ್ಲಿದ್ದೇನೆ. ಸ್ಕೂಟರು ಕುಮಟಾದ ಮನೆಯಲ್ಲಿ ಮಳೆಗಾಲವಿಡೀ ನಿಂತೇ ಇರುತ್ತದೆ. ಚೌತಿಗೆ ಬಂದು ಹೊರತೆಗೆದರೆ ಪ್ರತಿ ವರ್ಷ ಹ್ಯಾಂಡಲ್ ಹಿಡಿದುಕೊಂಡಿರುತ್ತದೆ, ಕೆಲವೊಮ್ಮೆ ಹ್ಯಾಂಡಲ್ ಲಾಕೇ ಬಿಡುವುದಿಲ್ಲ. ಏನಾದರೂ ಮುಂಜಾಗ್ರತೆ ಇದೆಯೇ?
— ಓದುಗರೊಬ್ಬರು, ಕುಮಟಾ

ಉತ್ತರ: ಹ್ಯಾಂಡಲ್ ಲಾಕ್ ಹಾಕಿ ಬಿಟ್ಟುಹೋಗುವುದನ್ನು ಮೊದಲು ನಿಲ್ಲಿಸಿ. ಲಾಕಿನ ನಾಲಿಗೆ ಹೊರಚಾಚಿಯೇ ನಾಲ್ಕು ತಿಂಗಳು ನಿಂತರೆ ಅಲ್ಲಿಯೇ ತುಕ್ಕು ಹಿಡಿಯುತ್ತದೆ. ಬಳಿಕ ಕೀಲಿ ತಿರುಗಿದರೂ ನಾಲಿಗೆ ಅರ್ಧಕ್ಕೆ ನಿಂತು ಫೋರ್ಕಿಗೆ ಉಜ್ಜುವುದುಂಟು, ಅದನ್ನೇ ಜನ ಬೇರಿಂಗಿನ ದೋಷವೆಂದು ತಿಳಿಯುತ್ತಾರೆ. ಕಳ್ಳತನದ ಭಯವಿದ್ದರೆ ಹಿಂದಿನ ಚಕ್ರಕ್ಕೆ ಸರಪಳಿ ಹಾಕಿ. ಲಾಕಿನ ಕಂಡಿಗೆ ಮಾತ್ರ ಎರಡು ಹನಿ ತೆಳುವಾದ ಎಣ್ಣೆ ಬಿಡಬಹುದು.

ಊರು ಬಿಡುವ ಮೊದಲು ಗಾಡಿಯನ್ನು ಸಿಹಿನೀರಿನಲ್ಲಿ, ಪಂಪಿನಿಂದಲ್ಲ, ಬಕೆಟ್ ಮತ್ತು ಬಟ್ಟೆಯಿಂದ ತೊಳೆದು ಉಪ್ಪು ತೆಗೆದು, ಎರಡು ದಿನ ಬಿಸಿಲಿಗಿಟ್ಟು ಒಣಗಿಸಿ. ಕೆಳಗಿನ ಬೇರಿಂಗಿನ ಸಂದಿಗೆ ಹೊರಗಿನಿಂದ ಗ್ರೀಸ್ ಬಳಿಯಿರಿ. ಮುಂದಿನ ಚಕ್ರ ನೆಲ ಮುಟ್ಟದಂತೆ ದಿಮ್ಮಿ ಕೊಟ್ಟು ನಿಲ್ಲಿಸಿದರೆ ಟಯರಿಗೂ ಒಳ್ಳೆಯದು. ಪ್ಲಾಸ್ಟಿಕ್ ಹಾಳೆಯಿಂದ ನೆಲದವರೆಗೆ ಬಿಗಿಯಾಗಿ ಸುತ್ತಬೇಡಿ. ನೆಲದಿಂದೇಳುವ ಹಬೆ ಒಳಗೇ ಸಿಕ್ಕಿಕೊಂಡು ಬಯಲಿನಲ್ಲಿ ನಿಂತ ಗಾಡಿಗಿಂತ ಹೆಚ್ಚು ತುಕ್ಕು ಹಿಡಿಯುತ್ತದೆ. ಹಳೆಯ ಹತ್ತಿಯ ಸೀರೆ ಹೊದಿಸಿದರೂ ಸಾಕು, ಗಾಳಿಯಾಡಬೇಕು ಅಷ್ಟೆ.

ಮನೆಯಲ್ಲಿರುವವರಿಗೆ ಒಂದೇ ಒಂದು ಕೆಲಸ ಹೇಳಿ ಹೋಗಿ: ವಾರಕ್ಕೊಮ್ಮೆ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ಹತ್ತು ಸಲ ತಿರುಗಿಸಿ, ಬೇರೊಂದು ಕೋನದಲ್ಲಿ ನಿಲ್ಲಿಸಲಿ. ಗುಂಡುಗಳು ಹೊಸ ಜಾಗಕ್ಕೆ ಉರುಳುವುದರಿಂದ ಗ್ರೀಸ್ ಮತ್ತೆ ಹರಡುತ್ತದೆ, ಒಂದೇ ಚುಕ್ಕೆಯಲ್ಲಿ ತುಕ್ಕು ಕೂರುವುದಿಲ್ಲ. ಇಷ್ಟು ಮಾಡಿಯೂ ಈ ಚೌತಿಯಲ್ಲಿ ಹ್ಯಾಂಡಲ್ ನಡುವೆ ನಿಂತು ಹಿಡಿಯುತ್ತಿದ್ದರೆ ಹಿಂದಿನ ವರ್ಷಗಳಲ್ಲಿಯೇ ಗುಳಿ ಬಿದ್ದಾಗಿದೆ ಎಂದು ತಿಳಿದು, ಕಾರವಾರದ ಓದುಗರಿಗೆ ಮೇಲೆ ಹೇಳಿದಂತೆ ಕೋನ್ ಸೆಟ್ ಬದಲಿಸಿಕೊಳ್ಳಿ.